ಎರಡು ಚಮಚ ನೀರು

ರಘುಪತಿ,

ನಿನ್ನ ಅಮ್ಮ ಇವತ್ತು ಬೆಳಿಗ್ಗೆ ತೀರಿಕೊಂಡರು ಮಾರಾಯ.

ಎಪ್ಪತ್ತೊಂದರ ಯುದ್ಧ ಮುಗಿದು ನಾನೊಬ್ಬನೇ ನಮ್ಮೂರು ಕಡಹಿನಬೈಲಿಗೆ ಬಂದಾಗ ಅವರು ಕೇಳಿದ್ದು ಒಂದೇ: "ನನ್ನ ಮಾಣಿಗೆ ಕೊನೆಗೆ ನೀರಾದ್ರೂ ಸಿಕ್ಕಿತ್ತಾ?" ನಾನೇ ಕುಡಿಸಿದೆ ಅಂದೆ.

ಹೊಟ್ಟೆಗೆ ಗುಂಡು ಬಿದ್ದವರಿಗೆ ನೀರು ಕೊಡಬಾರದು ಅಂತ ನಮಗೆ ಕಲಿಸಿದ್ದರು. ನೀನು ಕೇಳುತ್ತಲೇ ಇದ್ದೆ. ನನ್ನ ಬಾಟಲಿ ತುಂಬಿತ್ತು, ಮುಚ್ಚಳ ತೆಗೆಯಲಿಲ್ಲ.

ಆಮೇಲೆ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಕುಲುಮೆ ಮುಂದೆ ನಿಂತೆ. ಅಲ್ಲಿ ಗಂಟೆಗೊಮ್ಮೆ ನೀರು ಕುಡಿಯಲೇಬೇಕಿತ್ತು.

ಇವತ್ತು ಮನೆಯವರು ಬಾಯಿಗೆ ನೀರು ಬಿಡಲು ಬಂದರೆ ಅಮ್ಮ ಬೇಡವೆಂದು ನನ್ನನ್ನು ಕರೆದರು. "ರಘುವಿಗೆ ಕೊಟ್ಟ ಕೈಯಲ್ಲೇ ನನಗೂ ಕೊಡು ಅನ್ವರ್" ಅಂದರು.

ಎರಡು ಚಮಚ ಕೊಟ್ಟೆ. ಕೈ ನಡುಗಿ ಅರ್ಧ ಚೆಲ್ಲಿತು. ಪಾಪ, ವಯಸ್ಸಾಯಿತಲ್ಲ ಅಂದರು ಅಲ್ಲಿದ್ದವರು.