ಧ್ವಜಕ್ಕೆ ಹಚ್ಚಿದ ಹಸಿರು ಪಟ್ಟಿ

|| ಶ್ರೀ ಗುರು ಬಸವಲಿಂಗಾಯ ನಮಃ ||

ಕಾಬ್ವೆ, ಜಾಂಬಿಯಾ
ಗುರುವಾರ, ೨೦-೮-೧೯೮೭

ಚಿ. ಸೌ. ನೀಲಗಂಗಾಳಿಗೆ,

ನಿನ್ನ ಅವ್ವ ಇಷ್ಟು ದೂರದಿಂದಲೇ ನಿನ್ನ ತಲೆಯ ಮೇಲೆ ಕೈಯಿಟ್ಟು ಮಾಡುವ ಆಶೀರ್ವಾದಗಳು. ಇಲ್ಲಿ ನಾನು, ನಿಮ್ಮ ಅಪ್ಪಾಜಿ, ನಿನ್ನ ತಂಗಿ ಪಾರು ಮೂವರೂ ಗುರುವಿನ ದಯದಿಂದ ನೆಟ್ಟಗಿದ್ದೇವೆ. ರಾಣೇಬೆನ್ನೂರಿನಲ್ಲಿ ನೀನು, ಅಳಿಯಂದಿರು, ನಿಮ್ಮ ಅತ್ತೆ ಗದಿಗೆವ್ವನವರು ಆರೋಗ್ಯದಿಂದಿರುವಿರೆಂದು ನಂಬಿದ್ದೇನೆ.

ನಿನ್ನ ಕಾಗದ ಬಂದು ಐದು ವಾರವಾಯಿತು. ತಡವಾದದ್ದಕ್ಕೆ ಟಪಾಲಿನವರ ಮೇಲೆ ತಪ್ಪು ಹಾಕಬಹುದಿತ್ತು. ಆದರೆ ಶ್ರಾವಣದಲ್ಲಿ ಪೂಜೆ ಮುಗಿಸಿ ಬಂದು ಕೂತವಳು ಸುಳ್ಳು ಬರೆಯಬಾರದು. ನಾಲ್ಕು ಸಲ ಕಾಗದ ಹಿಡಿದು ಕೂತೆ. ‘ನಾವು ಕ್ಷೇಮ’ ಎಂಬಲ್ಲಿಗೆ ಪೆನ್ನು ನಿಂತುಬಿಡುತ್ತಿತ್ತು.

ನೀನು ಬರೆದದ್ದೂ ನಾಲ್ಕೇ ಸಾಲು. ಆರೋಗ್ಯ ಸುಧಾರಿಸಿದೆ. ದವಾಖಾನೆಗೆ ಹೋಗುವುದು ನಿಂತಿದೆ. ನನ್ನ ಚಿಂತೆ ಮಾಡಬೇಡ. ಟಿಕೀಟು ಸಿಗದಿದ್ದರೆ ನೀನಾದರೂ ಏನು ಮಾಡುತ್ತೀ. ಆ ನಾಲ್ಕನೆಯ ಸಾಲನ್ನು ನಾನು ದಿನಾ ಓದುತ್ತೇನೆ. ಏಳನೆಯ ತಿಂಗಳಿಗೆ ಕಾಲಿಡುವಾಗ ನಿನ್ನ ಕೂಸು ಹೋಯಿತು, ಹಾಸಿಗೆಯ ಮಗ್ಗುಲಿಗೆ ಹೆತ್ತ ತಾಯಿ ಇರಲಿಲ್ಲ. ಮುಂದೆ ಪಂಚಮಿ ಬಂತು. ಬ್ಯಾಡಗಿಯ ಮನೆಗೆ ಬೀಗ, ನಿನ್ನನ್ನು ಕರೆಯಲು ತವರಿನಿಂದ ಯಾರೂ ಬರಲಿಲ್ಲ. ಅಗಡಿಯಿಂದ ನಿನ್ನ ಸೋದರಮಾವ ಫಕ್ಕೀರಪ್ಪ ಎಲ್ಲ ಬರೆದಿದ್ದಾನೆ. ಅವನು ನಿನ್ನನ್ನು ನೋಡಲು ಬಂದಾಗ ನಿಮ್ಮ ಅತ್ತೆ ಬಾಗಿಲಲ್ಲೇ ನಿಂತು, “ತವರು ಇದ್ದೂ ಇಲ್ಲದಂಗಾತು ನೋಡ್ರಿ ಈ ಹುಡಿಗಿಗೆ. ಅವರವ್ವಗ ಆಫ್ರಿಕಾ ಭಾಳ ಹಿಡಿಸೇತಿ ಕಾಣತೈತಿ” ಎಂದರಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ ನೀಲಾ. ನಿನಗೆ ಹದಿನೈದು ದಿನ ಬಿಸಿನೀರು ಹಾಕಿದ ಕೈ ಅವರದು. ಮಾತಾಡುವ ಹಕ್ಕು ಅವರಿಗಿದೆ.

ನೀನು ಸಣ್ಣವಳಿದ್ದಾಗ ಕಾಲಿನ ಮುಳ್ಳು ತೆಗೆಯುವ ಮೊದಲು ಏನಾದರೊಂದು ಸುದ್ದಿ ಹೇಳುತ್ತಿದ್ದೆ, ನೆನಪಿದೆಯೆ? ಈಗಲೂ ಒಂದು ಸುದ್ದಿ ಹೇಳುತ್ತೇನೆ.

ಹೋದ ಶನಿವಾರ ಇಲ್ಲಿ ಆಗಸ್ಟ್ ಹದಿನೈದು ಮಾಡಿದೆವು. ದೇಶಕ್ಕೆ ಸ್ವಾತಂತ್ರ್ಯ ಬಂದು ನಲವತ್ತು ವರ್ಷವಾಯಿತೆಂದು ಈ ಸಲ ಜೋರಾಗಿಯೇ ಆಗಬೇಕೆಂದು ಎಲ್ಲರೂ ಹಟ ಹಿಡಿದಿದ್ದರು. ಈ ಊರಿನಲ್ಲಿ ನಮ್ಮ ದೇಶದವರು ಇಪ್ಪತ್ತೆರಡು ಮನೆ. ಹೆಚ್ಚಿನವರು ಗುಜರಾತಿ ಅಂಗಡಿಕಾರರು, ಉಳಿದವರು ನಿಮ್ಮ ಅಪ್ಪಾಜಿಯಂತೆ ಕರಾರಿನ ಮೇಲೆ ಬಂದ ಮಾಸ್ತರರು. ಧ್ವಜ ಹಾರಿಸುವುದು ಹಂಸಾಬೆನ್ನರ ಅಂಗಳದಲ್ಲಿ. ಅವರ ಯಜಮಾನರು, ಎಲ್ಲರೂ ಸೇಠರೆನ್ನುತ್ತಾರೆ, ನಮ್ಮ ಸಂಘದ ಅಧ್ಯಕ್ಷರು. ಮೂರು ದಿನ ಮುಂಚೆ ಅವರು ಕಪಾಟಿನಿಂದ ಧ್ವಜ ತೆಗೆದು ಬಿಚ್ಚಿದರೆ, ಮಡಿಕೆಯ ಹೊರಸುತ್ತಿಗೆ ಬಂದಿದ್ದ ಹಸಿರು ಪಟ್ಟಿಯನ್ನು ಇಲಿ ತಿಂದು ಜಾಳಿಗೆ ಮಾಡಿತ್ತು. ಕೇಸರಿ, ಬಿಳಿ, ನಡುವಿನ ಚಕ್ರ ಎಲ್ಲ ಬೇಷ್ ಇದ್ದವು. ಲುಸಾಕಾದಿಂದ ಹೊಸದು ತರಿಸೋಣವೆಂದರೆ ಆ ವಾರ ಊರಿನಲ್ಲಿ ಪೆಟ್ರೋಲೇ ಇಲ್ಲ. ನಾನು, “ಇಲ್ಲೆ ತರ್ರಿ, ಹಸಿರು ಪಟ್ಟಿ ನಾ ಹಚ್ಚಿಕೊಡತೇನಿ” ಎಂದು ಮನೆಗೆ ಒಯ್ದೆ.

ನಿಮ್ಮ ಅಪ್ಪಾಜಿಯ ಸ್ವಭಾವ ನಿನಗೆ ಗೊತ್ತೇ ಇದೆ.

“ತ್ಯಾಪಿ ಹಚ್ಚಿದ ಝೇಂಡಾ ಹಾರಿಸೂದು ಅಪಮಾನ” ಎಂದರು.

“ಹರಕ ಝೇಂಡಾ ಹಾರಿಸೂದು ಮಾನ ಏನ್ರಿ? ತ್ಯಾಪಿ ಅಲ್ಲ, ಇಡೀ ಪಟ್ಟಿನ ಹೊಸಾದು ಹಚ್ಚತೇನಿ. ನೀವು ಅಳತಿ ಅಷ್ಟ ಹೇಳ್ರಿ.”

ಹಚ್ಚುವುದೇನೋ ಸರಿ, ಬಟ್ಟೆ ಎಲ್ಲಿಂದ ತರುವುದು? ಇಲ್ಲಿ ಅಂಗಡಿಗಳಲ್ಲಿ ಕೆಲವು ವಾರ ಸಾಬೂನು ಕೂಡ ಇರುವುದಿಲ್ಲ. ಪಕ್ಕದ ಮನೆಯ ಮಿಸೆಸ್ ಫಿರಿ ಒಳ್ಳೆಯ ಹೆಂಗಸು. ನನಗೆ ಅವರ ಮಾತು ಬರುವುದಿಲ್ಲ, ಅವರಿಗೆ ನನ್ನ ಮಾತು ಬರುವುದಿಲ್ಲ; ಬೇಲಿಯ ಮೇಲಿಂದ ನುಗ್ಗೆ ಸೊಪ್ಪು, ಶೇಂಗಾ ಮಾತ್ರ ಆಚೀಚೆ ಹೋಗುತ್ತಿರುತ್ತವೆ. ತಾವು ಸೊಂಟಕ್ಕೆ ಸುತ್ತಿಕೊಳ್ಳುವ ಹೊಸ ಬಟ್ಟೆಯನ್ನೇ ತಂದುಕೊಟ್ಟರು. ಚಂದದ ಹಸಿರು, ಆದರೆ ಮೈತುಂಬ ಕೋಳಿ ಮತ್ತು ಮರಿಗಳ ಚಿತ್ರ! ಪಾರು ಅದನ್ನು ಧ್ವಜದ ಕೆಳಗೆ ಹಿಡಿದು, “ಅವ್ವಾ, ಚಕ್ರದ ಬುಡಕ ಕೋಳಿ ಮೇಯಾಕತ್ತಾವ ನೋಡ! ಇನ್ನ ಕಾಳು ಹಾಕೂದೊಂದ ಬಾಕಿ” ಎಂದಳು. ಮಿಸೆಸ್ ಫಿರಿಗೂ ಅರ್ಥವಾಗಿ ಬಾಯಿಗೆ ಸೆರಗಿಲ್ಲದೆ ಎರಡೂ ಕೈ ಅಡ್ಡ ಹಿಡಿದು ನಕ್ಕರು. ನಾನೂ ನಕ್ಕೆ. ಜೂನ್ ತಿಂಗಳಿಂದೀಚೆ ಅದೇ ಮೊದಲು.

ಆಮೇಲೆ ಒಳಗೆ ಹೋಗಿ ಟ್ರಂಕು ತೆಗೆದೆ. ತಳದಲ್ಲಿ ಒಂದು ಹೊಸ ಹಸಿರು ಬಟ್ಟೆ ಇತ್ತು. ಹೊರಗೆ ತಂದು ಮೇಜಿನ ಮೇಲೆ ಹಾಸಿದೆ. ನಿಮ್ಮ ಅಪ್ಪಾಜಿ ಅದನ್ನು ನೋಡಿದರು, ನನ್ನನ್ನು ನೋಡಿದರು.

“ಅದು ಬ್ಯಾಡ” ಎಂದರು.

“ಇನ್ನ ಅದಕ್ಕ ಬ್ಯಾರೆ ಏನ್ ಕೆಲಸ ಐತ್ರಿ?” ಎಂದೆ.

ಕೈಯಲ್ಲಿದ್ದ ಅಳತೆಪಟ್ಟಿ ಕೆಳಗಿಟ್ಟು ಅಂಗಳಕ್ಕೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಬಂದು, ಶಾಲೆಯಿಂದ ಕಿಸೆಯಲ್ಲಿ ಉಳಿದಿದ್ದ ಸೀಮೆಸುಣ್ಣದ ತುಂಡಿನಿಂದ ಗೆರೆ ಎಳೆದುಕೊಟ್ಟರು. ಇಪ್ಪತ್ತೇಳು ವರ್ಷ ಗಣಿತ ಕಲಿಸಿದವರು ಎಳೆದ ಗೆರೆ, ಸೊಟ್ಟಗಿತ್ತು. ನಾನು ಅದರ ಮೇಲೆಯೇ ಕತ್ತರಿ ನಡೆಸಿದೆ. ಮಿಸೆಸ್ ಫಿರಿಯವರ ಹೊಲಿಗೆ ಯಂತ್ರದಲ್ಲಿ ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು.

ಧ್ವಜ ಮಡಚಿ ಕಟ್ಟುವುದೂ ನನ್ನ ಪಾಲಿಗೇ ಬಂತು. ಸ್ವಾತಂತ್ರ್ಯ ಬಂದ ವರ್ಷ ನನಗೆ ಹತ್ತು ವಯಸ್ಸು. ಅಗಡಿಯ ಶಾಲೆಯಲ್ಲಿ ಮೈಲಾರಪ್ಪ ಮಾಸ್ತರರು ನಮ್ಮನ್ನೆಲ್ಲ ಸುತ್ತ ಕೂಡ್ರಿಸಿಕೊಂಡು, ಮಡಿಕೆಯೊಳಗೆ ಹೂವಿನ ಎಸಳು ಇಡುವುದನ್ನೂ ಒಂದು ಎಳೆ ಜಗ್ಗಿದರೆ ಬಿಚ್ಚಿಕೊಳ್ಳುವ ಗಂಟನ್ನೂ ಕಲಿಸಿದ್ದರು. ಹಾವೇರಿಯವರೆಗೆ ಮೆರವಣಿಗೆಯಲ್ಲಿ ನಡೆದು ಹೋಗಿದ್ದೆವು, ಅಂಗೈಯಲ್ಲಿ ಬತ್ತಾಸು ಕರಗಿ ಅಂಟಿಕೊಂಡಿತ್ತು. ಆ ಗಂಟು ನಾನು ಮರೆತಿಲ್ಲ. ಇಲ್ಲಿ ಚೆಂಡುಹೂ ಸಿಗದೆ ಬೇಲಿಯ ಕಾಗದದ ಹೂವನ್ನೇ ಬಿಡಿಸಿಟ್ಟೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಸೇರಿದೆವು. ಸೇಠರು ಟೋಪಿ ಹಾಕಿಕೊಂಡು ಹಗ್ಗ ಎಳೆದರು. ಗಂಟು ಬಿಚ್ಚಲಿಲ್ಲ. ಮತ್ತೆ ಎಳೆದರು. ರಾಷ್ಟ್ರಗೀತೆಗೆ ಬಾಯಿ ತೆರೆದ ಮಕ್ಕಳು ತೆರೆದಂತೆಯೇ ನಿಂತಿದ್ದವು. ಮೂರನೆಯ ಸಲಕ್ಕೆ ಸೇಠರ ಟೋಪಿ ಬಿತ್ತೇ ಹೊರತು ಧ್ವಜ ಹಂದಲಿಲ್ಲ. ನಿಮ್ಮ ಅಪ್ಪಾಜಿ ಮೆಲ್ಲಗೆ ನನಗೆ, “ಏನ್ ಗಂಟ ಹಾಕೀಯ? ಎಂದೂ ಬಿಚ್ಚಬಾರದಂತ ಹಾಕಿದಂಗ ಐತಿ” ಎಂದರು. ಅದು ಖರೇ ಇತ್ತು. ಕಟ್ಟುವಾಗ ನನ್ನ ಕೈ ನನ್ನ ಮಾತು ಕೇಳಿರಲಿಲ್ಲ. ಒಂದು ಸುತ್ತು ಹೆಚ್ಚಿಗೆ ಬಿಗಿದುಬಿಟ್ಟಿದ್ದೆ.

ಹಂಸಾಬೆನ್ ನನ್ನ ಬೆನ್ನ ಮೇಲೆ ಕೈಯಿಟ್ಟು ಮುಂದೆ ದೂಡಿದರು. ಹೆಂಗಸರ ಸಾಲಿನಿಂದ ಹೋಗಿ ಹಗ್ಗ ಹಿಡಿದೆ. ಒಮ್ಮೆ ಸಡಿಲು ಬಿಟ್ಟು ಜಗ್ಗಿದೆ. ಬಿಚ್ಚಿಕೊಂಡಿತು. ಹೂವೆಲ್ಲ ನನ್ನ ತಲೆಯ ಮೇಲೆಯೇ ಬಿದ್ದವು. ಗಾಳಿ ಚೆನ್ನಾಗಿತ್ತು. ಎಲ್ಲರೂ ಹಾಡಿದರು. ಎಲ್ಲರೂ ಮೇಲೆ ನೋಡಿ ಕೈಯೆತ್ತಿ ವಂದಿಸಿದರು. ನಿಮ್ಮ ಅಪ್ಪಾಜಿಯ ಕಣ್ಣು ಕೆಳಗಿನ ಪಟ್ಟಿಯ ಮೇಲೆಯೇ ಇತ್ತು. ಹಾಡು ಮುಗಿದು ಎಲ್ಲರೂ ಕೈ ಇಳಿಸಿದ ಮೇಲೂ ಅವರು ಇಳಿಸಲಿಲ್ಲ.

ಪಂಚಮಿಗೆ ಇಲ್ಲಿ ಉಂಡಿ ಕಟ್ಟಿರಲಿಲ್ಲ, ಮನಸ್ಸಾಗಿರಲಿಲ್ಲ. ಅಂದು ಕಟ್ಟಿದೆ. ಶೇಂಗಾ, ಬೆಲ್ಲ ಎರಡೂ ಸಿಕ್ಕಿದ್ದವು. ಮೊದಲನೆಯ ಉಂಡಿಯನ್ನು ನಿನ್ನ ಹೆಸರು ಹೇಳಿ ದೇವರ ಮುಂದಿಟ್ಟು ಆಮೇಲೆ ಹಂಚಿದೆ. ಮಿಸೆಸ್ ಫಿರಿ ನಾಲ್ಕು ತಿಂದು, ಎರಡು ಕಟ್ಟಿಕೊಂಡು ಹೋದರು.

ಡಿಸೆಂಬರಿಗೆ ಅಪ್ಪಾಜಿಯ ಕರಾರು ಮುಗಿಯುತ್ತದೆ. ಇನ್ನೆರಡು ವರ್ಷ ಇರಿ ಎಂದು ಹೆಡ್‌ಮಾಸ್ತರರು ಕೇಳಿದ್ದಾರೆ. ನಾನು ಒಲ್ಲೆನೆಂದಿದ್ದೇನೆ. ಬ್ಯಾಡಗಿಯ ಮನೆಯ ಬೀಗ ತೆಗೆಯುವ ಮೊದಲು ರಾಣೇಬೆನ್ನೂರಿಗೆ ಬರುತ್ತೇನೆ. ಬಸ್ ಸ್ಟ್ಯಾಂಡಿಗೆ ಯಾರೂ ಬರುವುದು ಬೇಡ.

ಬಿಸಿ ನೀರೇ ಕುಡಿ. ಭಾರ ಎತ್ತಬೇಡ. ಅತ್ತೆಯವರಿಗೆ ನನ್ನ ಶರಣು ಹೇಳು, ಅಳಿಯಂದಿರಿಗೆ ಆಶೀರ್ವಾದ. ನಿನ್ನನ್ನು ಆ ಗುರು ಎಲ್ಲಿದ್ದರೂ ನೆರಳಾಗಿ ಕಾಯಲಿ.

ಇಂತಿ ನಿನ್ನ ಅವ್ವ,
ಪ್ರೇಮವ್ವ

ತಾ.ಕ.: ಮುಳ್ಳು ಇನ್ನೂ ತೆಗೆದಿಲ್ಲ ನೀಲಾ. ಇಷ್ಟೆಲ್ಲ ಬರೆದದ್ದು ಇದನ್ನು ಬರೆಯುವುದಕ್ಕೆ.

ಧ್ವಜಕ್ಕೆ ಹಚ್ಚಿದ್ದು ನಿನ್ನ ಕುಬುಸದ ಸೀರೆ. ಜನವರಿಯಲ್ಲಿ ನಾವು ರಜೆಗೆ ಬಂದಾಗ, ಬ್ಯಾಡಗಿಯ ಹಿತ್ತಲಲ್ಲಿ ನೀನು ಬಸುರಿಯೆಂದು ಕಿವಿಯಲ್ಲಿ ಹೇಳಿದ ಮರುದಿನವೇ ಹಾವೇರಿಗೆ ಹೋಗಿ ತಂದಿದ್ದೆ. ಅಂಗಡಿಯ ವಿರೂಪಾಕ್ಷಪ್ಪನವರು, “ಮಗಳಿಗೆ ಎಷ್ಟ ತಿಂಗಳಾತ್ರಿ, ಅವ್ವಾರ?” ಎಂದು ಕೇಳಿದರು. ಏಳೆಂದೆ. ನಿನಗೆ ಎರಡೂ ತುಂಬಿರಲಿಲ್ಲ. ಕುಬುಸದ ತಿಂಗಳು ಬರುವ ಮೊದಲು ಹಸಿರು ಸೀರೆ ಮನೆಗೆ ತರಬಾರದೆಂದು ನಮ್ಮವ್ವ ಹೇಳುತ್ತಿದ್ದುದು ನನಗೆ ಗೊತ್ತಿತ್ತು. ಇಲ್ಲಿ ಇಳಕಲ್ ಸೀರೆ ಸಿಗುವುದಿಲ್ಲ, ಏಳನೆಯ ತಿಂಗಳಿಗೆ ನಾನೇ ಬಂದು ಉಡಿಸುತ್ತೇನೆ ಎಂಬ ಆಸೆಗೆ ಬಿದ್ದೆ. ಸುಳ್ಳು ಹೇಳಿ, ತರಬಾರದ ಹೊತ್ತಿನಲ್ಲಿ ತಂದೆ. ಅದರಿಂದ ಕೂಸಿಗೇನೂ ಆಗುವುದಿಲ್ಲ, ನಿನ್ನದು ಹುಚ್ಚು ಎಂದು ಅಪ್ಪಾಜಿ ಹೇಳುತ್ತಾರೆ. ನನಗೆ ಮನಸ್ಸು ಒಪ್ಪುವುದಿಲ್ಲ.

ಕಾರಹುಣ್ಣಿಮೆಯ ಮರುದಿನ ನಿಮ್ಮ ತಂತಿ ಬಂತು. ಮೂರನೆಯ ದಿನ ಅಪ್ಪಾಜಿ ಲುಸಾಕಾಕ್ಕೆ ಹೋಗಿ ಟಿಕೀಟು ತಂದು ದೇವರ ಜಗಲಿಯ ಮೇಲೆ ಇಟ್ಟರು. ಟಿಕೀಟು ಸಿಕ್ಕಿತ್ತು ನೀಲಾ. ನಾನು ಟ್ರಂಕು ತೆಗೆದು ಬಟ್ಟೆ ತುಂಬಲು ಹೋದೆ, ಆ ಸೀರೆ ಕಂಡಿತು, ಮುಚ್ಚಿಬಿಟ್ಟೆ. ನಿನ್ನ ಕಣ್ಣಿಗೆ ಕಣ್ಣು ಕೊಡಲು ನನಗೆ ಧೈರ್ಯವಾಗಲಿಲ್ಲ. ಟಿಕೀಟು ತಿರುಗಿ ಕೊಡಲು ಹೋದವರು ನಿಮ್ಮ ಅಪ್ಪಾಜಿ, ಸಿಗಲಿಲ್ಲವೆಂದು ನಿನಗೆ ಬರೆದವಳು ನಾನು. ಆ ಟಿಕೀಟಿನ ಬಗ್ಗೆ ಅವರು ಇವತ್ತಿನವರೆಗೆ ಒಂದು ಮಾತು ಎತ್ತಿ ಆಡಿಲ್ಲ.

ಧ್ವಜ ಸೇಠರ ಕಪಾಟಿನಲ್ಲಿದೆ. ಸೆರಗು ಮತ್ತು ಉಳಿದ ಸೀರೆ ನನ್ನ ಹತ್ತಿರ ಇವೆ. ತರಲೋ, ಇಲ್ಲಿಯೇ ಬಿಡಲೋ, ನೀನು ಹೇಳಿದಂತೆ.

ನಿನ್ನ ನಾಲ್ಕನೆಯ ಸಾಲು ನನಗೆ ಸಲ್ಲುವುದಲ್ಲ. ಅದನ್ನು ಹೊಡೆದುಹಾಕು. ಬೈದಾದರೂ ಸರಿ, ಐದನೆಯದೊಂದು ಸಾಲು ಬರೆ.