ಉಂದು ಬರ್ಪುಂಡು

ಪ್ರೀತಿಯ ಉಝ್ಮಾ,

ಇದು ಮೂರನೆಯ ಹಾಳೆ. ಮೊದಲನೆಯದರಲ್ಲಿ ಶಾಲೆಯಲ್ಲಿ ಕಲಿಸಿದ ಹಾಗೆ ‘ನಾನು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ’ ಎಂದು ಶುರು ಮಾಡಿದ್ದೆ. ಸುಳ್ಳು ಅನ್ನಿಸಿ ಹರಿದೆ. ಎರಡನೆಯದು ಅಕ್ಷರ ಸರಿಯಿಲ್ಲವೆಂದು ಹೋಯಿತು. ನನ್ನ ಅಕ್ಷರ ನಿನಗೆ ಗೊತ್ತಲ್ಲ, ಕೋಳಿ ಕೆದಕಿದ ಹಾಗೆ. ಏಳು ವರ್ಷದಲ್ಲಿ ಅದೇನೂ ಸುಧಾರಿಸಿಲ್ಲ.

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರದ ಝೆರಾಕ್ಸ್ ಅಂಗಡಿ ಇನ್ನೂ ಉಂಟು. ಸುಧಾಕರ ಮಾವನ ಆ ಕೋಣೆಯೇ. ನೀನು ಕೂರುತ್ತಿದ್ದ ಸ್ಟೂಲಿನ ಮೇಲೆ ಈಗ ಕಾಗದದ ಕಟ್ಟು ಇಡುತ್ತೇನೆ, ಬೇರೆ ಯಾರೂ ಕೂರದ ಹಾಗೆ. ಮಕ್ಕಳು ಮೊದಲಿನಷ್ಟು ಬರುವುದಿಲ್ಲ, ಎಲ್ಲ ಫೋನಿನಲ್ಲೇ ಸಿಗುತ್ತದಂತೆ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಮಾತ್ರ ಬೆಳ್ತಂಗಡಿ ಬಸ್ಸಿನಿಂದ ಇಳಿದವರು, ಹಾಸ್ಟೆಲಿನವರು ಓಡಿಕೊಂಡು ಬರುತ್ತಾರೆ. ಉಳಿದ ದಿನ ವಾಮದಪದವಿನಿಂದ ಬಂದು ಶಟರ್ ಎತ್ತಿ, ಮಿಷನ್ ಬಿಸಿಯಾಗುವವರೆಗೆ ರಸ್ತೆ ನೋಡುತ್ತೇನೆ. ಬಿಸಿಯಾದ ಮೇಲೂ ನೋಡುತ್ತೇನೆ. ಸಂಜೆಯವರೆಗೆ ‘ಎಷ್ಟು ಕಾಪಿ’ ಎಂಬ ಎರಡು ಶಬ್ದ ಬಿಟ್ಟು ಬೇರೇನೂ ಮಾತಾಡದ ದಿನಗಳಿವೆ.

ಬರೆಯಲು ಕಾರಣ ಹರಿಣಾಕ್ಷಿ ಮೇಡಂ. ಕನ್ನಡ ಕಲಿಸುವವರು, ನಮ್ಮ ಕಾಲದವರಲ್ಲ. ಕಳೆದ ವಾರ ಕೊಡೆ ಮಡಚಿ ಒಳಗೆ ಬಂದು, ಮೇಜಿನ ಮೇಲೆ ನಮ್ಮ ಸಾಹಿತ್ಯದ ನೋಟ್ಸ್ ಇಟ್ಟರು, ನೀನು ಬರೆದು ನಾನು ಕಾಪಿ ತೆಗೆದು ಮಾರುವುದು. “ಇದು ಇಲ್ಲಿಯದ್ದೇ ಅಲ್ವಾ? ನಾಲ್ಕು ಮಕ್ಕಳು ಪೇಪರಿನಲ್ಲಿ ಒಂದೇ ತರ ಬರೆದಿದ್ದಾರೆ. ನವೋದಯ ಕಾವ್ಯದ ಲಕ್ಷಣಗಳು: ಪ್ರಕೃತಿ ಪ್ರೇಮ, ಆತ್ಮನಿಷ್ಠೆ, ಉಂದು ಬರ್ಪುಂಡು. ಇದೆಂಥ ಲಕ್ಷಣ?”

ನೆನಪಾಯಿತಾ? ಪರೀಕ್ಷೆಗೆ ಬಂದೇ ಬರುತ್ತದೆ ಎನ್ನಿಸಿದ ಪ್ರಶ್ನೆಯ ಪಕ್ಕದಲ್ಲಿ ನೀನು ತುಳುವಿನಲ್ಲಿ ‘ಉಂದು ಬರ್ಪುಂಡು’ ಅಂತ ಗೀಚುತ್ತಿದ್ದೆ, ಇದು ಬರುತ್ತದೆ ಅಂತ. ಮನೆಯಲ್ಲಿ ಬ್ಯಾರಿ, ಪುಸ್ತಕದಲ್ಲಿ ಕನ್ನಡ, ನನ್ನ ಹತ್ತಿರ ತುಳು. ಗದಗ, ಬೀದರಿನಿಂದ ಬಂದ ಹಾಸ್ಟೆಲ್ ಮಕ್ಕಳಿಗೆ ತುಳು ಎಲ್ಲಿಂದ ಬರಬೇಕು? ಅವರು ಅದನ್ನೂ ಉತ್ತರದ ಭಾಗವೆಂದು ಬಾಯಿಪಾಠ ಮಾಡಿ ಬರೆದಿದ್ದಾರೆ. ಪಾಪ, ಆ ನಾಲ್ವರು ಸಿಕ್ಕಿಬಿದ್ದವರು. ಏಳು ವರ್ಷದಲ್ಲಿ ಎಷ್ಟು ಜನ ಬರೆದಿದ್ದಾರೋ.

ನಗುವ ವಿಷಯ. ನಾನು ನಗಲಿಲ್ಲ. ಮೇಡಂ “ಬರೆದದ್ದು ಯಾರು?” ಎಂದು ಕೇಳಿದ ಕೂಡಲೇ ನನ್ನ ಬಾಯಿಂದ “ನಾನಲ್ಲ ಮೇಡಂ, ಉಝ್ಮಾ ಅಂತ ಒಬ್ಬಳು” ಎಂದು ಬಂತು. ನಿನ್ನ ಹೆಸರನ್ನು ಜೋರಾಗಿ ಹೇಳದೆ ಏಳು ವರ್ಷವಾಗಿತ್ತು. ಬೈಗುಳ ಎದುರಿಗೆ ಬಂದಾಗ ಎಷ್ಟು ಸಲೀಸಾಗಿ ಬಂತು ನೋಡು.

ಅವರು ಬೈಯಲಿಕ್ಕೆ ಬಂದವರೇ ಅಲ್ಲ. “ಅವರಿಗೆ ಹೇಳಿ, ತುಂಬ ಚಂದ ಬರೆದಿದ್ದಾರೆ. ನಾನು ಪಾಠ ಮಾಡುವಾಗ ನೋಡಿಕೊಳ್ತೇನೆ” ಎಂದರು. ಆಮೇಲೆ ಕಾಪಿಯನ್ನು ಕಣ್ಣಿನ ಹತ್ತಿರ ಹಿಡಿದು, “ಆದ್ರೆ ಕೆಳಗೆ ಕಾಂತಿ ನೋಟ್ಸ್ ಅಂತ ಉಂಟಲ್ಲ?” ಎಂದು ಕೇಳಿದರು. ನಾನು ಟ್ರೇಯಲ್ಲಿ ಕಾಗದ ತುಂಬಿಸುವ ನೆಪ ಮಾಡಿದೆ. ಟ್ರೇ ತುಂಬಿಯೇ ಇತ್ತು.

ಬಿಕಾಂ ಓದಿದವಳು ನೀನು. ಆದರೂ ಯಾರೋ ಬಿಟ್ಟುಹೋದ ಪುಸ್ತಕ ಹಿಡಿದರೆ ಒಂದು ವಾರದಲ್ಲಿ ಅದನ್ನು ಮೂವತ್ತು ಪುಟಕ್ಕೆ ಇಳಿಸುತ್ತಿದ್ದೆ. ಮೊದಲು ನಮ್ಮದೇ ವಾಣಿಜ್ಯ. ಆಮೇಲೆ ಜೀವಶಾಸ್ತ್ರ, ಇಂಗ್ಲಿಷಿನಲ್ಲಿ ಬರೆದು ಕಷ್ಟದ ಶಬ್ದಕ್ಕೆ ಪಕ್ಕದಲ್ಲೇ ಕನ್ನಡ. ಕಪ್ಪೆಯ ಹೃದಯದ ಚಿತ್ರ ಬರೆಯುವಾಗ ನಾಲಿಗೆ ಹೊರಗೆ ಹಾಕಿಕೊಂಡು ಕೂತಿದ್ದೆ, ನಾನು ಎಷ್ಟು ಕೀಟಲೆ ಮಾಡಿದ್ದೆ. ಪ್ರತಿ ಪುಟದ ಅಡಿಯಲ್ಲಿ ಸಣ್ಣದಾಗಿ ‘ಉಝ್ಮಾ’. ಮಕ್ಕಳು ಬಂದು “ಉಝ್ಮಾ ನೋಟ್ಸ್ ಉಂಟಾ?” ಎಂದೇ ಕೇಳುತ್ತಿದ್ದರು. ಅಂಗಡಿ ನನ್ನದು, ಮಿಷನ್ ನನ್ನದು, ಟೋನರ್ ಮೆತ್ತಿಕೊಂಡ ಕೈ ನನ್ನದು, ನನ್ನ ಹೆಸರು ಮಾತ್ರ ಯಾರಿಗೂ ಬೇಡ. ನನಗೆ ಹೊಟ್ಟೆಕಿಚ್ಚಾಯಿತು ಉಝ್ಮಾ. ಇದಕ್ಕೆ ಬೇರೆ ಹೆಸರಿಲ್ಲ.

‘ಕಾಂತಿ ನೋಟ್ಸ್’ ಎಂದು ಸಣ್ಣ ಚೀಟಿಗಳನ್ನು ಪ್ರಿಂಟ್ ಮಾಡಿ ನಿನ್ನ ಹೆಸರಿನ ಮೇಲೆ ಗಮ್ ಹಾಕಿ ಅಂಟಿಸಿದೆ. ಕಾಪಿಯಲ್ಲಿ ಅಂಟಿಸಿದ್ದು ಗೊತ್ತೇ ಆಗುವುದಿಲ್ಲ. ನೀನು ನೋಡಿದೆ. ನೋಡಿ, “ನಿನ್ನ ಹೆಸರು ಚಂದ ಕಾಣ್ತದೆ ಮಾರಾಯ್ತಿ” ಎಂದೆ. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ. ತಿಳಿದೆ ಅಂದರೆ, ಹಾಗೆ ತಿಳಿದರೆ ನನಗೆ ಅನುಕೂಲವಿತ್ತು.

ಕೊನೆಗೆ ನೀನು ಕಾನೂನಿನ ನೋಟ್ಸಿನ ಕಟ್ಟು ತಂದುಕೊಟ್ಟೆ. ಅದಕ್ಕೂ ಅವತ್ತೇ ಚೀಟಿ ಅಂಟಿಸಿ ಕಾಪಿ ತೆಗೆದಿಟ್ಟೆ. ಮರುದಿನ ಬಂದವಳು ನೀನು ಹೊಸ ಕಾಪಿಯೊಂದನ್ನು ಎತ್ತಿಕೊಂಡು ಪುಟಗಳ ಅಡಿಯನ್ನಷ್ಟೇ ನೋಡುತ್ತ ಹೋದೆ. ಮೆಲ್ಲ ಅಲ್ಲೇ ಇಟ್ಟು, ಚೀಲ ಹೆಗಲಿಗೆ ಹಾಕಿ, “ಪೋಪೆ ಕಾಂತಿ” ಎಂದೆ. ನಮ್ಮಲ್ಲಿ ಹೊರಡುವಾಗ ಯಾರಾದರೂ ‘ಹೋಗ್ತೇನೆ’ ಅನ್ನುತ್ತಾರಾ? ‘ಬರ್ಪೆ’ ಅನ್ನುತ್ತೇವೆ, ಬರ್ತೇನೆ. ನೀನೂ ದಿನಾ ಹಾಗೇ ಹೇಳಿ ಹೋಗುತ್ತಿದ್ದವಳು. ಅವತ್ತು ಫರಂಗಿಪೇಟೆಗೆ ಹೋಗಲು ಬಿ.ಸಿ. ರೋಡಿನ ಬಸ್ಸು ಬಂದು ನಿಂತಿತ್ತು. ಅವಸರಕ್ಕೆ ಬಾಯಿ ತಪ್ಪಿತೆಂದುಕೊಂಡೆ. ಮತ್ತೆ ನೀನು ಬರಲಿಲ್ಲ. ಫೋನು ಎತ್ತಲಿಲ್ಲ. ಕೆಲಸ ಸಿಕ್ಕಿರಬೇಕು, ದೊಡ್ಡ ಜನ ಆಗಿರಬೇಕು ಎಂದು ನಾನೇ ಸಿಟ್ಟು ಮಾಡಿಕೊಂಡು ಕೂತೆ. ಆ ಸಿಟ್ಟು ಬಹಳ ಕಾಲ ಜೊತೆಗಿತ್ತು, ಅದೂ ಇಲ್ಲದಿದ್ದರೆ ಅಂಗಡಿಯಲ್ಲಿ ನಾನೊಬ್ಬಳೇ.

ಮೇಡಂ ಹೋದ ಮೇಲೆ ಮೂಲ ಪ್ರತಿಗಳನ್ನು ಕೆಳಗಿಳಿಸಿದೆ. ಚೀಟಿಗಳನ್ನು ಕಿತ್ತುಬಿಡುವ ಎಂದು. ವಾಣಿಜ್ಯದ್ದು, ಜೀವಶಾಸ್ತ್ರದ್ದು, ಸಾಹಿತ್ಯದ್ದು, ಎಲ್ಲದರಲ್ಲೂ ಅಡಿಯಲ್ಲಿ ‘ಉಝ್ಮಾ’, ಮಸುಕಾಗದೆ ಹಾಗೇ ಇದೆ. ಕಾನೂನಿನ ಕಟ್ಟನ್ನು ಎರಡು ವರ್ಷದಿಂದ ಮುಟ್ಟಿರಲಿಲ್ಲ. ದಂಡ ಸಂಹಿತೆ ಹೋಗಿ ನ್ಯಾಯ ಸಂಹಿತೆ ಬಂದ ಮೇಲೆ ಕಲಮುಗಳ ನಂಬರೆಲ್ಲ ಬದಲಾಗಿ, ಆ ನೋಟ್ಸ್ ಯಾರಿಗೂ ಬೇಡವಾಗಿತ್ತು. ಗಮ್ ಒಣಗಿ ಚೀಟಿಗಳು ಕೈ ತಾಗಿದರೆ ಉದುರುತ್ತಿದ್ದವು.

ಅಡಿಯಲ್ಲಿ ‘ಉಝ್ಮಾ, ಕಾಂತಿ’ ಎಂದಿತ್ತು.

ಅರುವತ್ತೆರಡು ಪುಟ. ಅರುವತ್ತೆರಡು ಸಲ ನನ್ನ ಹೆಸರು ಬರೆದಿದ್ದೀ, ನಿನ್ನ ಆ ಮುತ್ತಿನಂಥ ಅಕ್ಷರದಲ್ಲಿ. ಜಗಳ ಮಾಡದೆ, ಕೇಳದೆ, ಅರ್ಧ ಜಾಗ ಕೊಟ್ಟಿದ್ದೆ. ನಾನು ರಸ್ತೆ ನೋಡುತ್ತ, ಅಭ್ಯಾಸಬಲದಿಂದ, ಓದದೆ ಅಂಟಿಸಿಬಿಟ್ಟೆ. ನಿನ್ನನ್ನು ಮುಚ್ಚುವ ಭರದಲ್ಲಿ ನನ್ನ ಹೆಸರನ್ನೂ ಮುಚ್ಚಿದ್ದೆ. ನೀನು ಮಾತ್ರ, ನಾನು ಓದಿಯೇ ಅಂಟಿಸಿದ್ದೇನೆ ಎಂದುಕೊಂಡು ಹೋಗಿರಬೇಕು. ಓದಿರಲಿಲ್ಲ ಉಝ್ಮಾ. ಇದೊಂದು ನಿನಗೆ ಗೊತ್ತಾಗಬೇಕು. ಓದಿರುತ್ತಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಬೇಡ, ನನಗೆ ನನ್ನ ಮೇಲೆ ಅಷ್ಟು ಭರವಸೆ ಇಲ್ಲ. ಅವತ್ತು ಮಧ್ಯಾಹ್ನ ಶಟರ್ ಅರ್ಧ ಎಳೆದು ಚೆನ್ನಾಗಿ ಅತ್ತೆ.

ಮೊನ್ನೆ ಫರಂಗಿಪೇಟೆಗೆ ಹೋಗಿದ್ದೆ. ನಿನ್ನ ಉಮ್ಮ ಸಫಿಯಮ್ಮ ನನ್ನ ಗುರುತು ಹಿಡಿದು, ಚಾ ಕುಡಿಯದೆ ಎದ್ದೇಳಲು ಬಿಡಲಿಲ್ಲ. ನೀನು ಮಡಂತ್ಯಾರಿನಲ್ಲಿ ಟ್ಯೂಷನ್ ಕೊಡುತ್ತೀ ಎಂದರು. ಇಷ್ಟು ವರ್ಷ ನಾನು ನಿನ್ನನ್ನು ಎಲ್ಲೋ ದುಬೈಯಲ್ಲಿ ಇಟ್ಟಿದ್ದೆ. ಒಂದು ಗಂಟೆಯ ಬಸ್ಸಿನ ದಾರಿ ಅಂತ ಗೊತ್ತಾದದ್ದು ಇನ್ನೂ ಕಷ್ಟ. “ನೀನೇ ಹೋಗಿ ಮಾತಾಡು” ಎಂದರು. ಧೈರ್ಯ ಸಾಲಲಿಲ್ಲ. ಅದಕ್ಕೆ ಇದನ್ನು ಅವರ ಕೈಯಲ್ಲೇ ಕೊಡುತ್ತೇನೆ.

ಇದರ ಜೊತೆ ಇನ್ನೊಂದು ಹಾಳೆ ಉಂಟು. ಕಾನೂನಿನ ಹೊಸ ನೋಟ್ಸಿನ ಮೊದಲ ಪುಟ, ನನ್ನ ಕೋಳಿ ಅಕ್ಷರದ್ದು. ವಂಚನೆಯ ಕಲಮಿನಿಂದಲೇ ಶುರು ಮಾಡಿದೆ. ನಾನೂರ ಇಪ್ಪತ್ತು ಇದ್ದದ್ದು ಈಗ ಮುನ್ನೂರ ಹದಿನೆಂಟು. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದು. ಅಡಿಯಲ್ಲಿ ಜಾಗ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಯಾವ ಹೆಸರು ಇರಬೇಕೆಂದು ನೀನೇ ಬರೆ. ನಿನ್ನದೊಂದೇ ಬರೆದರೂ ಸರಿ. ಏನೂ ಬರೆಯದೆ ವಾಪಸು ಕಳಿಸಿದರೂ, ನಿನ್ನ ಕೈ ಮುಟ್ಟಿದ ಹಾಳೆ ಎಂದು ಇಟ್ಟುಕೊಳ್ಳುತ್ತೇನೆ.

ಸ್ಟೂಲಿನ ಮೇಲಿನ ಕಾಗದದ ಕಟ್ಟನ್ನು ಇವತ್ತು ಕೆಳಗಿಟ್ಟೆ.

ನೀನು, ಉಮ್ಮ, ನಿನ್ನ ಟ್ಯೂಷನ್ ಮಕ್ಕಳು ಎಲ್ಲರೂ ಚೆನ್ನಾಗಿರಿ. ಅವರಿಗೆ ನಿನ್ನ ಅಕ್ಷರ ಬರಲಿ.

ಬರ್ಪೆ,
ಕಾಂತಿ