ಬಾಗಿಲ ದೀಪ

ಜನವರಿ 9, ಬೆಳಿಗ್ಗೆ

ಹೆಬ್ಬೆರಳಿಗೆ ಮತ್ತೆ ಗುಳ್ಳೆ. ಕ್ರಿಂಪಿಂಗ್ ಇಕ್ಕಳ ಒತ್ತಿ ಒತ್ತಿ. ಆದರೂ ಬಿಡಲು ಮನಸ್ಸಿಲ್ಲ. ತಂತಿಯ ತುದಿ ಸುಲಿದು, ಲೋಹದ ಪುಟ್ಟ ಟರ್ಮಿನಲ್ ಒಳಗೆ ತೂರಿಸಿ, ಒತ್ತಿದಾಗ ಬರುವ ಆ ‘ಟಕ್’... ಅದರ ಮುಂದೆ ಬೆಳಗಿನ ಕಾಫಿ ಏನೂ ಅಲ್ಲ. ಒತ್ತಿದ ಮೇಲೆ ಜಗ್ಗಿ ನೋಡಬೇಕು. ಕಿತ್ತು ಬಂದರೆ ಕಸದ ಬುಟ್ಟಿಗೆ, ಬರದಿದ್ದರೆ ವಿಮಾನಕ್ಕೆ.

ವಿಮಾನಕ್ಕೆ! ಬರೆಯುವಾಗ ಈಗಲೂ ನಗು ಬರುತ್ತದೆ. ಕಾರಿನ ಶೆಡ್ಡಿನಲ್ಲಿ ವಿಮಾನ, ಪಾಪದ ಕಾರು ಬೀದಿಯಲ್ಲಿ. ರೆಕ್ಕೆಗಳು ಗೋಡೆಗೆ ಒರಗಿವೆ. ಬಾಲ ಅತ್ತೆಯ ಕೋಣೆಯ ಕಿಟಕಿಗೆ ಮೂಗು ಒತ್ತಿ ನಿಂತಿದೆ. ಇವರು ಮರಗೆಲಸ ಕಲಿಸುವ ಮೇಷ್ಟ್ರು. ವಿಮಾನದ ಮೈಯೆಲ್ಲ ಇವರೇ ಕಟ್ಟಿದ್ದು, ವರ್ಷಗಟ್ಟಲೆ ಕೂತು. ತಂತಿ ಮಾತ್ರ ನನ್ನ ಪಾಲು. “ದಿನಾ ಲಿಫ್ಟ್ ರಿಪೇರಿ ಮಾಡೋಳಿಗೆ ಇದೇನ್ ಮಹಾ?” ಅಂದರು. ಒಪ್ಪಿಕೊಂಡೆ, ಆದರೆ ಶರತ್ತು ಹಾಕಿದೆ: ವೈರಿಂಗ್ ವಿಷಯದಲ್ಲಿ ಮೇಷ್ಟ್ರು ಮೂಗು ತೂರಿಸಕೂಡದು.

ಈ ಇಂಜಿನ್ನಿಗೆ ಕಿಡಿ ಹೊತ್ತಿಸುವುದೂ ಕರೆಂಟು, ಪೆಟ್ರೋಲ್ ತಳ್ಳುವುದೂ ಕರೆಂಟು. ಕರೆಂಟು ಹೋದರೆ ಇಂಜಿನ್ ಹೋಯಿತು. ಮೊದಲ ಸಲ ಹಾರುವುದು ಇವರೊಬ್ಬರೇ. ಅಂದರೆ ಇವರ ಜೀವ ನನ್ನ ಕೈಯಲ್ಲಿ, ಅಕ್ಷರಶಃ. ಅದಕ್ಕೇ ಇಷ್ಟು ಜಗ್ಗಿ ನೋಡುವುದು.

ಜನವರಿ 11

ಅತ್ತೆ ಕೆಲಸಕ್ಕೆ ಸೇರಿದರು! ನಾನು ತಂತಿಗಳ ಕಟ್ಟಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಿದ್ದೆ. ಬಾಗಿಲಲ್ಲಿ ನಿಂತು ನೋಡಿದರು, ಮುಖ ಸಿಂಡರಿಸಿದರು. ಮೂವತ್ತು ವರ್ಷ ಪುಸ್ತಕಕ್ಕೆ ರಟ್ಟು ಕಟ್ಟಿದ ಕೈ. ಒಳಗೆ ಹೋಗಿ ಮೇಣ ಸವರಿದ ದಾರದ ಉಂಡೆ ತಂದರು. ಗಂಟು, ಅಳತೆ, ಗಂಟು, ಅಳತೆ. ಹಳೆಯ ವಿಮಾನಗಳಲ್ಲೂ ಹೀಗೇ ದಾರದಲ್ಲೇ ಕಟ್ಟುತ್ತಿದ್ದರಂತೆ ಎಂದು ಇವರು ಹೇಳಿದ್ದೇ ತಡ, ಅತ್ತೆಗೆ ಕೊಂಬು ಬಂತು.

“ಎರಡನೇ ಸೀಟ್ ಯಾರಿಗೆ?” ಅಂತ ಕೇಳಿದರು.

“ನನಗಂತೂ ಅಲ್ಲಪ್ಪ. ಲಿಫ್ಟಿಗಾದ್ರೆ ಮೇಲೆ ಹಗ್ಗ ಇರತ್ತೆ. ಇದಕ್ಕೇನಿದೆ?”

“ನೀನು ಕಟ್ಟಿದ್ದನ್ನ ನೀನೇ ನಂಬಲ್ಲ ಅಂದ್ರೆ ನನ್ನ ಮಗ ಹೇಗೆ ನಂಬ್ತಾನೆ?”

ಹೇಳಿದ್ದು ತಮಾಷೆಗೇ. ಆದರೂ ಆಮೇಲೆ ಎರಡು ತಂತಿ ತಪ್ಪಾಗಿ ಸುಲಿದೆ.

ಜನವರಿ 16

ಇವತ್ತು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಕಾಕ್‌ಪಿಟ್ಟಿನ ಮೇಲೆ ಗಾಜಿನ ಬಾಗಿಲು ಇದೆಯಲ್ಲ, ಅದಕ್ಕೆ ಮುಂದೊಂದು ಕೊಂಡಿ, ಹಿಂದೊಂದು ಕೊಂಡಿ. ಹಿಂದಿನದು ಬಿಗಿ, ಹಾಕಲು ಮರೆಯುವುದು ಸುಲಭ. ಹಾಗಾಗಿ ಅಲ್ಲೊಂದು ಪುಟ್ಟ ಸ್ವಿಚ್ ಕೂರಿಸಿದೆ. ಕೊಂಡಿ ಬಿದ್ದರೆ ಮಾತ್ರ ಕರೆಂಟು ಮುಂದಕ್ಕೆ. ಬಾಗಿಲು ಹಾಕದೆ ಇಂಜಿನ್ ಸ್ಟಾರ್ಟ್ ಆಗುವ ಮಾತೇ ಇಲ್ಲ! ಅದರ ಹಿಂದೆಯೇ ಇಂಜಿನ್ ಓಡುವಾಗ ಎಣ್ಣೆಯ ಒತ್ತಡ ಬಿದ್ದರೆ ತೆರೆದುಕೊಳ್ಳುವ ಸ್ವಿಚ್, ಬಿಸಿ ಹೆಚ್ಚಾದರೆ ತೆರೆದುಕೊಳ್ಳುವ ಸ್ವಿಚ್, ಎಮರ್ಜೆನ್ಸಿ ಸ್ವಿಚ್. ಎಲ್ಲ ಒಂದರ ಹಿಂದೊಂದು, ಒಂದೇ ಸರಪಳಿ. ಯಾವುದೇ ಕೊಂಡಿ ಬಿಟ್ಟರೂ ಸರಪಳಿ ಬಿಡುತ್ತದೆ. ನೀಟಾಗಿ, ಅಚ್ಚುಕಟ್ಟಾಗಿ. ಕಣ್ಣು ಮುಚ್ಚಿಕೊಂಡು ಬರೆದ ಡ್ರಾಯಿಂಗ್. ಇಪ್ಪತ್ತು ವರ್ಷದಿಂದ ಬರೆದು ಬರೆದು ಕೈಗೆ ಬಂದಿರುವುದು.

ಇವರಿಗೆ ತೋರಿಸಿದೆ. “ನೀನ್ ಬಿಡಮ್ಮ, ಜೀನಿಯಸ್ಸು” ಅಂದರು. ಹೌದು ಮತ್ತೆ.

ಜನವರಿ 24, ಮಧ್ಯಾಹ್ನ ಮೂರು

ಜೀವ ಬಂತು!! ಮೊದಲ ಸಲ ಬ್ಯಾಟರಿ ಜೋಡಿಸಿದೆ. ಸ್ವಿಚ್ ಮೇಲೆ ಬೆರಳಿಟ್ಟು ನಿಂತಿದ್ದೆ. ಇವರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಪಕ್ಕದಲ್ಲಿ. ಅತ್ತೆ ಬಾಗಿಲಾಚೆ — “ಸುಟ್ಟ ವಾಸನೆ ಬಂದ್ರೆ ಮೊದಲು ಗೊತ್ತಾಗೋದು ನನಗೆ.”

ಒತ್ತಿದೆ. ಒಳಗೆ ಎಲ್ಲೋ ‘ಕ್ಲಕ್’. ಪ್ಯಾನೆಲ್ ಪೂರ್ತಿ ಬೆಳಗಿತು. ಮುಳ್ಳುಗಳು ಮೈ ಮುರಿದವು, ರೇಡಿಯೋ ಗೊರಗೊರ ಅಂದಿತು, ಪಂಪು ಗುಂಯ್ಯ್... ಹೊಗೆ ಇಲ್ಲ, ವಾಸನೆ ಇಲ್ಲ. ನಾನು ಕುಣಿದೆ. ನಿಜವಾಗಿ ಕುಣಿದೆ, ಚಪ್ಪಲಿ ಒಂದು ಕಡೆ ಹಾರಿತು. ಇವರು ಸಿಲಿಂಡರ್ ತಬ್ಬಿಕೊಂಡೇ ಅತ್ತರು. ಇಷ್ಟು ದಿನ ಮರ, ಗೋಂದು, ಬಟ್ಟೆ ಆಗಿದ್ದದ್ದು ಇವತ್ತು ಕಣ್ಣು ಬಿಟ್ಟಿತು.

ವಿಮಾನ ತಪಾಸಣೆಯ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿ ಆಯಿತು. ಫೆಬ್ರವರಿ ಹತ್ತಕ್ಕೆ ಬರುತ್ತಾರೆ. ಅವರು ಸಹಿ ಹಾಕಿದರೆ ಆ ವಾರವೇ ಹಾರಾಟ. ಇವರು ರಜೆಗೂ ಬರೆದುಕೊಟ್ಟಿದ್ದಾರೆ.

ಫೆಬ್ರವರಿ 2

ಹೇಗೆ ಬರೆಯಲಿ...

ಆಟ ಆಡುತ್ತಿದ್ದೆವು. ಇವರು ಒಳಗೆ ಕೂತು, ಬಾಗಿಲು ಹಾಕಿಕೊಂಡು, ಹಾರುತ್ತಿರುವ ಹಾಗೆ ನಟನೆ. ನಾನು ಹೊರಗಿನಿಂದ ಏನಾದರೂ ಕೆಡಿಸುವುದು, ಏನು ಕೆಟ್ಟಿತೆಂದು ಇವರು ಹೇಳುವುದು. ಕಿಡಿ ಹೋಗುವ ತಂತಿಗೆ ಕಾರಿನ ಒಂದು ಬಲ್ಬ್ ಕಟ್ಟಿ ವಿಮಾನದ ಮೂತಿಯ ಮೇಲೆ ಇಟ್ಟಿದ್ದೆ. ಬಲ್ಬ್ ಉರಿಯುತ್ತಿದ್ದರೆ ಇಂಜಿನ್ ಓಡುತ್ತಿದೆ ಎಂದು ಲೆಕ್ಕ. ರೇಡಿಯೋ ಫ್ಯೂಸ್ ಕಿತ್ತೆ, ಹೇಳಿದರು. ಲೈಟಿನ ಫ್ಯೂಸ್ ಕಿತ್ತೆ, ಹೇಳಿದರು. ಒಳ್ಳೇ ಮಜಾ.

ಅಷ್ಟರಲ್ಲಿ ಅತ್ತೆ ಚಹಾ ತಂದರು. “ಆಕಾಶದಲ್ಲೇ ಕುಡಿ” ಎಂದು ಗಾಜಿನ ಬಾಗಿಲು ಎತ್ತಿ ಲೋಟ ಒಳಗೆ ನೀಡಿದರು.

ಬಲ್ಬ್ ಆರಿತು.

“ಅಯ್ಯೋ, ನಾನೇನ್ ಮಾಡ್ದೆ? ಬಾಗಿಲು ತೆಗೆದಿದ್ದಕ್ಕೆ ಇಂಜಿನ್ ನಿಂತ್ ಹೋಗತ್ತಾ?”

ಇವರು ನಕ್ಕರು. ಅತ್ತೆಯೂ ನಕ್ಕರು. ನಾನು ಕೊಂಡಿ ಹಾಕಿಸಿದೆ, ಬಲ್ಬ್ ಉರಿಯಿತು; ತೆಗೆಸಿದೆ, ಮತ್ತೆ ಆರಿತು.

ಫೆಬ್ರವರಿ 3, ಬೆಳಿಗ್ಗೆ ಆರು

ಲಿಫ್ಟಿನಲ್ಲಿ ಬಾಗಿಲು ತೆರೆದರೆ ನಿಲ್ಲಬೇಕು. ಹಗ್ಗ ಸಡಿಲವಾದರೆ ನಿಲ್ಲಬೇಕು. ಎಲ್ಲೋ ಒಂದು ತಂತಿ ಅಲುಗಾಡಿದರೂ ನಿಲ್ಲಬೇಕು. ನಿಂತರೆ ಏನಾಗುತ್ತದೆ? ಒಳಗಿರುವವರು ಗಂಟೆ ಒತ್ತುತ್ತಾರೆ, ನನಗೆ ಫೋನ್ ಬರುತ್ತದೆ, ಹೋಗಿ ಇಳಿಸುತ್ತೇನೆ, ಬೈಸಿಕೊಳ್ಳುತ್ತೇನೆ. ನಿಲ್ಲುವುದೇ ಕ್ಷೇಮ. ಅದೇ ನನ್ನ ವಿದ್ಯೆ.

ಇದು ಆಕಾಶದಲ್ಲಿ ನಿಂತರೆ?

ನಾನು ಬರೆದಿದ್ದು ವಿಮಾನದ ಡ್ರಾಯಿಂಗ್ ಅಲ್ಲ. ರೆಕ್ಕೆ ಇರುವ ಲಿಫ್ಟಿನದು.

ಸಂಜೆ

ಇವರಿಗೆ ಹೇಳಿದೆ. “ಅದೊಂದು ಸ್ವಿಚ್ ತಾನೇ? ಆ ಎರಡು ತಂತಿ ಸೇರಿಸ್ಬಿಡು, ಮುಗೀತು. ಹತ್ತನೇ ತಾರೀಕಿಗೆ ಅವರು ಬರ್ತಾರೆ” ಅಂದರು. ಅದೊಂದಲ್ಲ ಎಂದೆ. ಎಣ್ಣೆ ಸ್ವಿಚ್ಚೂ ಅಲ್ಲೇ ಇದೆ, ಬಿಸಿಯ ಸ್ವಿಚ್ಚೂ ಅಲ್ಲೇ ಇದೆ, ಕಿಡಿ, ಪಂಪು ಎಲ್ಲ ಒಂದೇ ದಾರಿಯಲ್ಲಿ ಬಂದು ಒಂದೇ ಬೋಲ್ಟಿಗೆ ಸೇರುತ್ತವೆ. ಯೋಚನೆಯೇ ತಪ್ಪು. ಪೂರ್ತಿ ಬಿಚ್ಚಬೇಕು.

“ಪೂರ್ತಿನಾ?”

“ಪೂರ್ತಿ.”

“ಎಷ್ಟು ವರ್ಷದಿಂದ ಕಾಯ್ತಿದ್ದೀನಿ ಗೊತ್ತಾ ನಿಂಗೆ?”

“ಗೊತ್ತು. ಅದಕ್ಕೇ ಬಿಚ್ತೀನಿ ಅಂತಿರೋದು. ನಿಮ್ಮನ್ನ ಇದರಲ್ಲಿ ಕೂರಿಸಿ ಕಳಿಸಲ್ಲ ನಾನು.”

ಮಾತಿಗೆ ಮಾತು ಬೆಳೆಯಿತು. ಜೀನಿಯಸ್ ಅನ್ನುವ ಪದ ಮತ್ತೆ ಬಂತು, ಈ ಸಲ ಬೇರೆ ರಾಗದಲ್ಲಿ. ಇವರು ಎದ್ದು ಹೋಗಿ ಬೀದಿಯಲ್ಲಿದ್ದ ಕಾರಿನಲ್ಲಿ ಕೂತರು. ಎಲ್ಲಿಗೂ ಹೋಗಲಿಲ್ಲ, ಸುಮ್ಮನೆ ಕೂತರು. ನಾನೇ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿ ಬರುವುದು ಬೇಡ ಎಂದೆ. ತುಂಬ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಭಯ. ಅತ್ತೆ ಚಹಾ ತರದೇ ಇದ್ದಿದ್ದರೆ?

ಫೆಬ್ರವರಿ 9

ಬರೆಯಲು ಏನೂ ಇರಲಿಲ್ಲ. “ಉಪ್ಪು ಕೊಡಿ”, “ಲೈಟ್ ಆರಿಸಿ” ಇಷ್ಟೇ ಮಾತು. ನಾನೊಬ್ಬಳೇ ಬಿಚ್ಚುತ್ತಿದ್ದೆ. ಅತ್ತೆ ಕಟ್ಟಿದ ಗಂಟುಗಳನ್ನೂ ಒಂದೊಂದಾಗಿ ಕತ್ತರಿಸಿದೆ.

ಇವತ್ತು ಇವರು ಶೆಡ್ಡಿಗೆ ಬಂದರು. ಕೈಯಲ್ಲಿ ಕಟಿಂಗ್ ಪ್ಲೇಯರ್.

“ಎಲ್ಲಿಂದ ಶುರು ಮಾಡ್ಲಿ?”

“ಮೂಗು ತೂರಿಸಬಾರದು ಅಂದಿದ್ದೆ.”

“ಮೂಗಲ್ಲ, ಕೈ.”

ಹಾಳಾದವರು. ಅಳುವೂ ನಗುವೂ ಒಟ್ಟಿಗೇ ಬಂತು. ನಾಲಿಗೆ ತುದಿಯಲ್ಲಿದ್ದ ಬೈಗುಳವೆಲ್ಲ ಮರೆತೇಹೋಯಿತು.

ಫೆಬ್ರವರಿ 12

ತಲೆಯಲ್ಲಿ ಜಾತ್ರೆ! ಹೊಸ ಡ್ರಾಯಿಂಗ್ ಬಂದುಬಿಟ್ಟಿತು, ಬಸ್ಸಿನಲ್ಲಿ ನಿಂತಿದ್ದಾಗ. ಇಳಿಯುವ ಸ್ಟಾಪು ತಪ್ಪಿತು. ಹೋಗಲಿ ಬಿಡು.

ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದು ಕೆಟ್ಟರೆ ಇಂಜಿನ್ ಓಡುತ್ತದೆಯೇ? ಕಿಡಿಗೆ ಎರಡು ಪೆಟ್ಟಿಗೆ. ಒಂದಕ್ಕೆ ದೊಡ್ಡ ಬ್ಯಾಟರಿಯಿಂದ ತಂತಿ ಎಡಗಡೆ ಬರುತ್ತದೆ, ಇನ್ನೊಂದಕ್ಕೆ ಸೀಟಿನ ಹಿಂದಿನ ಚಿಕ್ಕ ಬ್ಯಾಟರಿಯಿಂದ ಬಲಗಡೆ. ಪಂಪೂ ಹಾಗೇ, ಎರಡು. ಸ್ವಿಚ್ ಬೇರೆ, ಬೋಲ್ಟ್ ಬೇರೆ. ಎರಡರ ತಂತಿ ಎಲ್ಲೂ ಒಂದೇ ತೂತಿನಲ್ಲಿ ತೂರಬಾರದು. ಎಣ್ಣೆ, ಬಿಸಿ, ಬಾಗಿಲು ಇವರೆಲ್ಲ ಇನ್ನು ಮೇಲೆ ಚಾಡಿ ಹೇಳಬಹುದು ಅಷ್ಟೇ, ಇಂಜಿನ್ನಿಗೆ ಕೈ ಹಾಕುವಂತಿಲ್ಲ. ಬಾಗಿಲಿಗೆ ಒಂದು ಕೆಂಪು ದೀಪ. ತೆರೆದರೆ ಉರಿಯುತ್ತದೆ. ಬೇರೇನೂ ಮಾಡುವುದಿಲ್ಲ.

ಕೈ ಮಾತ್ರ ಹಳೇ ಚಾಳಿ ಬಿಡುವುದಿಲ್ಲ. ಇವತ್ತು ಎರಡು ಸಲ ಸರಪಳಿ ಬರೆಯಲು ಹೋಯಿತು. ಕೈಗೆ ಒಂದು ಏಟು ಕೊಟ್ಟೆ.

ಫೆಬ್ರವರಿ 27

ಮತ್ತೆ ಆಟ. ಈ ಸಲ ಕೆಡಿಸುವ ಕೆಲಸ ಅತ್ತೆಗೆ. ಏನೂ ಗೊತ್ತಿಲ್ಲದವರು ಬೇಕಿತ್ತು, ಗೊತ್ತಿದ್ದವರು ಕರುಣೆ ತೋರಿಸುತ್ತಾರೆ. ಅತ್ತೆಗೆ ಕರುಣೆಯ ಲವಲೇಶವೂ ಇಲ್ಲ. ಫ್ಯೂಸ್ ಕಿತ್ತರು, ದೊಡ್ಡ ಬ್ಯಾಟರಿ ಬಿಚ್ಚಿಸಿದರು, ಪ್ಲಗ್ ಎಳೆದರು, ಗುದ್ದಿದರು. ಬಾಗಿಲು ತೆಗೆದು ಹಾಕಿ ತೆಗೆದು ಹಾಕಿ ಮಾಡಿದರು.

ಈ ಸಲ ಎಡಕ್ಕೊಂದು, ಬಲಕ್ಕೊಂದು ಬಲ್ಬ್; ಒಂದಲ್ಲ ಒಂದು ಉರಿಯುತ್ತಲೇ ಇತ್ತು. ಮಿಟುಕಲೂ ಇಲ್ಲ.

“ಇದಕ್ಕೆ ನಿನ್ನ ಹಟಾನೇ ಬಂದಿದೆ” ಅಂದರು ಅತ್ತೆ. ಆಮೇಲೆ ದಾರದ ಉಂಡೆ ತೆಗೆದುಕೊಂಡು ಮೊದಲಿನಿಂದ ಗಂಟು ಕಟ್ಟಲು ಕೂತರು. ಅವರ ಪಾದ ಮುಟ್ಟಬೇಕು ಅನ್ನಿಸಿತು, ದಾರ ಕತ್ತರಿಸಿ ಕೊಟ್ಟೆ.

ಮಾರ್ಚ್ 6

ಇಂಜಿನ್ ಓಡಿತು! ಶೆಡ್ಡಿನ ಹೊರಗೆ, ಬಾಲವನ್ನು ಕಂಬಕ್ಕೆ ಕಟ್ಟಿ. ಮೊದಲು ಕೆಮ್ಮಿತು, ಆಮೇಲೆ ಹಿಡಿಯಿತು ನೋಡಿ... ಒಣಗಲು ಹಾಕಿದ್ದ ನನ್ನ ಬಟ್ಟೆಯೆಲ್ಲ ಪಕ್ಕದ ಮನೆ ಪಾಲು. ಇವರು ಎಡದ ಸ್ವಿಚ್ ಆಫ್ ಮಾಡಿದರು, ಓಡಿತು. ಎಡದ್ದು ಆನ್, ಬಲದ್ದು ಆಫ್, ಓಡಿತು. ಇಂಜಿನ್ನಿನ ಸದ್ದು ಒಂದು ಚೂರು ಇಳಿಯುತ್ತದೆ, ಅಷ್ಟೇ. ಕಿವಿಯಲ್ಲಿ ಈಗಲೂ ಗುಂಯ್ ಅನ್ನುತ್ತಿದೆ. ನಿಲ್ಲದಿರಲಿ.

ಮಾರ್ಚ್ 14

ಇನ್‌ಸ್ಪೆಕ್ಟರ್ ಬಂದಿದ್ದರು. ಕನ್ನಡಿ, ಟಾರ್ಚು, ಮಾತು ಕಡಿಮೆ. ಮುಟ್ಟಿದ ತಂತಿಯನ್ನೆಲ್ಲ ಜಗ್ಗಿದರು. ನನಗೆ ಅವರ ಮೇಲೆ ಪ್ರೀತಿ ಬಂತು. ಕೊನೆಗೆ ಗಾಜಿನ ಬಾಗಿಲು ತಟ್ಟಿ ಕೇಳಿದರು:

“ಮೇಲೆ ಹೋದಾಗ ಇದು ತೆರ್ಕೊಂಡ್ರೆ?”

“ದೀಪ ಬರತ್ತೆ.”

“ಆಮೇಲೆ?”

“ಆಮೇಲೆ ಏನೂ ಇಲ್ಲ. ಗಾಳಿ ಬರತ್ತೆ.”

ಸಹಿ ಹಾಕಿದರು.

ಮಾರ್ಚ್ 21, ಬೆಳಿಗ್ಗೆ ಹನ್ನೊಂದು, ರನ್‌ವೇ ಪಕ್ಕದ ಬೆಂಚು

ಅಕ್ಷರ ಸೊಟ್ಟ. ಇರಲಿ, ಈಗಲೇ ಬರೆಯಬೇಕು.

ಇವರು ಹತ್ತಿ ಕೂತರು. ವಿಮಾನ ಓಡಿತು, ಓಡಿತು, ಚಕ್ರದ ಕೆಳಗೆ ಬೆಳಕು ಕಂಡಿತು. ಹಾರಿತು! ಅತ್ತೆ ನನ್ನ ತೋಳು ಹಿಡಿದ ಗುರುತು ಇನ್ನೂ ಇದೆ. ಮರಗಳ ಮೇಲೆ ಹೋಗಿ ಎಡಕ್ಕೆ ತಿರುಗುತ್ತಿತ್ತು. ನನ್ನ ಕೈಯಲ್ಲಿ ಪುಟ್ಟ ರೇಡಿಯೋ. ಅದರಲ್ಲಿ ಇವರ ದನಿ, ಹಿಂದೆ ಭೋರ್ ಎಂದು ಗಾಳಿ.

“ಬಾಗಿಲ ದೀಪ ಬಂತು.”

ಹಿಂದಿನ ಕೊಂಡಿ. ಸಂಭ್ರಮದಲ್ಲಿ ದೀಪ ಆರುವಷ್ಟು ಮಾತ್ರ ಒತ್ತಿದ್ದರು, ಪೂರ್ತಿ ಹಾಕಿರಲಿಲ್ಲ ಮಹಾರಾಯರು; ಗಾಳಿಗೆ ಬಿಚ್ಚಿಕೊಂಡಿತು.

ಒಂದು ಕ್ಷಣ ನನಗೆ ಏನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿತು. ರೇಡಿಯೋದಲ್ಲಲ್ಲ, ಮೇಲೆ. ಇಂಜಿನ್. ಅದೇ ಸದ್ದು, ಒಂದು ಚೂರೂ ಇಳಿಯದೆ, ಹಟಮಾರಿಯ ಹಾಗೆ. ಜನವರಿಯ ಡ್ರಾಯಿಂಗ್ ಆಗಿದ್ದರೆ ಆ ಮರಗಳ ಮೇಲೆಯೇ ಎಲ್ಲ ಮುಗಿಯುತ್ತಿತ್ತು.

“ಬಾಗಿಲು ಚೂರು ತೆರ್ಕೊಂಡಿದೆ. ಮಿಕ್ಕಿದ್ದೆಲ್ಲ ಸರಿ ಇದೆ. ವಾಪಸ್ ಬರ್ತಿದ್ದೀನಿ.”

ಬಂದರು. ಒಂದು ಸಲ ಪುಟಿದು ಇಳಿದರು. ತಲೆಯ ಮೇಲೆ ಟೋಪಿ ಇಲ್ಲ, ಕೂದಲು ಪೊರಕೆ. ಇಳಿದವರೇ ನೇರ ನನ್ನ ಹತ್ತಿರ ಬಂದು ನಿಂತರು. ಫೆಬ್ರವರಿಯಲ್ಲಿ ಕಾರಿನಲ್ಲಿ ಹೋಗಿ ಕೂತವರ ಮುಖವೇ ಇದು ಎಂದು ನಂಬುವ ಹಾಗಿರಲಿಲ್ಲ. ನಾನು ತಬ್ಬಿಕೊಂಡೆ, ಎಲ್ಲರ ಎದುರಿಗೇ.

“ಹೊಸಾ ಟೋಪಿ ಕಣೋ ಅದು” ಅಂದರು ಅತ್ತೆ, ಕಣ್ಣು ಒರೆಸಿಕೊಳ್ಳುತ್ತ.

ಏಪ್ರಿಲ್ 18, ಬೆಳಿಗ್ಗೆ ಏಳು

ಅದೇ ಬೆಂಚು. ಬಿಗಿಯಾಗಿದ್ದ ಹಿಂದಿನ ಕೊಂಡಿ ಸಲೀಸಾಗಿ ಪೂರ್ತಿ ಬೀಳುವ ಹಾಗೆ ಸರಿಮಾಡಿದ್ದೇವೆ. ನಿಯಮದ ಪ್ರಕಾರ ಇವರೊಬ್ಬರೇ ಹಾರಬೇಕಾದ ಗಂಟೆಗಳೆಲ್ಲ ನಿನ್ನೆಗೆ ಮುಗಿದವು. ಇವರು ರೆಕ್ಕೆ ಒರೆಸುತ್ತಿದ್ದಾರೆ, ಒರೆಸಿದ್ದನ್ನೇ ಮತ್ತೆ. ಆಗಾಗ ಈ ಕಡೆ ನೋಡುತ್ತಾರೆ. ಎರಡನೇ ಸೀಟಿನ ಮೇಲೆ ಅತ್ತೆ ದಿಂಬು ಇಟ್ಟಿದ್ದಾರೆ.

ಮೇಲೆ ಹಗ್ಗ ಇಲ್ಲ. ಗೊತ್ತು. ಆದರೆ ಎಡಕ್ಕೊಂದು ತಂತಿ ಇದೆ, ಬಲಕ್ಕೊಂದು ತಂತಿ ಇದೆ, ಎರಡನ್ನೂ ಜಗ್ಗಿ ನೋಡಿದ್ದೇನೆ.

ಖುಷಿಯೋ ಹೆದರಿಕೆಯೋ, ಎರಡೂ ಇರಬಹುದು. ಎದ್ದೆ. ಹೋಗಿ ಹೇಳಿದೆ — “ಹಿಂದಿನ ಕೊಂಡಿ ಮಾತ್ರ ನಾನೇ ಹಾಕೋದು.” ಇವರ ಕೈಯಿಂದ ಬಟ್ಟೆ ಬಿತ್ತು. ಈಗ ಬೆಲ್ಟ್ ಬಿಗಿಯುತ್ತಿದ್ದಾರೆ, ಈ ಡೈರಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಕೊಂಡಿ ಹಾಕಿದೆ. ಕೆಂಪು ದೀಪ ಆರಿತು. ಇಂಜಿನ್ ಹಿಡಿಯಿತು —